ಹ್ಯಾರಿಸ್‌ಬರ್ಗ್ ಕ್ಯಾಪಿಟಲ್ ಟೂರ್: ಶಾಸಕರ ಸಂಬಳದ ಕಥೆ ತಿಳಿದುಕೊಂಡು ಹೋಗಿ

ಪೆನ್ಸಿಲ್ವೇನಿಯಾದಲ್ಲಿ ಮಗನ ಮನೆಗೋ ಮಗಳ ಮನೆಗೋ ಬಂದಿರುವ ನಮ್ಮ ಕಡೆಯ ಅಪ್ಪ ಅಮ್ಮಂದಿರಿಗೆ ಎಲ್ಲರೂ ತೋರಿಸುವ ಜಾಗಗಳು ಗೊತ್ತೇ ಇವೆ. ಹರ್ಷಿಯ ಚಾಕಲೇಟ್, ಲ್ಯಾಂಕಾಸ್ಟರ್ ಕಡೆಯ ಆಮಿಶ್ ಊರುಗಳು, ಫಿಲಡೆಲ್ಫಿಯಾದ ಬಿರುಕು ಬಿಟ್ಟ ಗಂಟೆ, ಪಿಟ್ಸ್‌ಬರ್ಗ್‌ನ ವೆಂಕಟೇಶ್ವರ ದೇವಸ್ಥಾನ. ಎಲ್ಲವೂ ಚೆನ್ನಾಗಿವೆ. ಆದರೆ ನನ್ನನ್ನು ಕೇಳಿದರೆ ರಾಜಧಾನಿ ಹ್ಯಾರಿಸ್‌ಬರ್ಗ್‌ನ ಸ್ಟೇಟ್ ಕ್ಯಾಪಿಟಲ್ ಮೊದಲು ನೋಡಿ ಅನ್ನುತ್ತೇನೆ. ಅದು ಆ ರಾಜ್ಯದ ವಿಧಾನಸೌಧ. ಗೈಡ್ ಜೊತೆಗಿನ ಟೂರ್ ಪೂರ್ತಿ ಉಚಿತ. ಐದಕ್ಕೆ ಐದು ಅಂಕ ಕೊಡುತ್ತೇನೆ. ಒಂದೇ ಒಂದು ಷರತ್ತು: 2005ರಲ್ಲಿ ಆ ಕಟ್ಟಡದಲ್ಲಿ ಏನಾಯಿತು ಎಂದು ತಿಳಿದುಕೊಂಡು ಹೋಗಿ. ತಿಳಿಯದೆ ಹೋದರೆ ಸುಂದರವಾದ ಕಟ್ಟಡ ನೋಡಿ ಬರುತ್ತೀರಿ. ತಿಳಿದು ಹೋದರೆ ಪ್ರತಿ ಕೋಣೆಯಲ್ಲೂ ನಿಲ್ಲುತ್ತೀರಿ.

ನಾನು ಖಜಾನೆ ಇಲಾಖೆಯಲ್ಲಿದ್ದವನು. ಹಾಸನ ಜಿಲ್ಲೆಯ ತಾಲ್ಲೂಕು ಖಜಾನೆಗಳಲ್ಲಿ ಬಿಲ್ಲು ನೋಡುತ್ತಲೇ ನನ್ನ ಸರ್ವಿಸ್ ಮುಗಿಯಿತು. ಸಾದಿಲ್ವಾರು ಖರ್ಚಿನ ಬಿಲ್ಲಿಗೆ ವೋಚರ್ ಲಗತ್ತಿಸಿಲ್ಲ ಅಂದರೆ ಆಕ್ಷೇಪಣೆ ಬರೆದು ವಾಪಸ್. ದೊಡ್ಡ ಸಾಹೇಬರ ಆಫೀಸಿನಿಂದ ಬಂದಿದ್ದರೂ ವಾಪಸ್. ಇದರಿಂದ ಬೈಸಿಕೊಂಡಿದ್ದೇನೆ, ಆದರೆ ಕೊನೆಯವರೆಗೂ ಬಿಡಲಿಲ್ಲ. ಹಾಗಾಗಿ ಶಾಸಕರು ವೋಚರ್ ಇಲ್ಲದೆ ಸಂಬಳ ಏರಿಸಿಕೊಂಡರು, ಗವರ್ನರ್ ಅದಕ್ಕೆ ಸಹಿ ಹಾಕಿದರು, ಜನ ಸಿಡಿದೆದ್ದು ಅದನ್ನು ರದ್ದು ಮಾಡಿಸಿದರು ಎಂಬ ಕಥೆ ಇಲ್ಲಿಗೆ ಬಂದ ಮೇಲೆ ಕಿವಿಗೆ ಬಿದ್ದಾಗ ಸುಮ್ಮನಿರಲು ಆಗಲಿಲ್ಲ. ಮಗಳ ಮನೆ ಮೆಕ್ಯಾನಿಕ್ಸ್‌ಬರ್ಗ್‌ನಲ್ಲಿ. ಸಸ್ಕ್ವೆಹಾನಾ ನದಿ ದಾಟಿದರೆ ಹ್ಯಾರಿಸ್‌ಬರ್ಗ್. ಕಥೆ ಹೇಳಿದವರು ಪಕ್ಕದ ಮನೆಯ ಹಿರಿಯರು, ಸ್ಕೂಲ್ ಬಸ್ ಓಡಿಸಿ ನಿವೃತ್ತರಾದವರು. ಉಳಿದದ್ದನ್ನು ಊರಿನ ಲೈಬ್ರರಿಯಲ್ಲಿ ಕೂತು ಓದಿಕೊಂಡೆ.

ಮೊದಲು ಹೋಗುವ ವಿಚಾರ. ವಾರದ ದಿನಗಳಲ್ಲಿ ಅರ್ಧ ಗಂಟೆಗೊಂದು ಟೂರ್ ಹೊರಡುತ್ತದೆ. ಶನಿವಾರ, ಭಾನುವಾರ ಕಡಿಮೆ. ಮನೆಮಂದಿ ನಾಲ್ಕೈದು ಜನ ಆದರೆ ಸುಮ್ನೆ ಹೋಗಿ ನಿಂತರೆ ಸಾಕು. ದೊಡ್ಡ ಗುಂಪಾದರೆ ಮುಂಚೆ ಹೇಳಿ ಬುಕ್ ಮಾಡಬೇಕು. ಬಾಗಿಲಲ್ಲಿ ಬ್ಯಾಗ್ ತಪಾಸಣೆ ಇದೆ. ಮೆಟ್ಟಿಲು ಜಾಸ್ತಿ, ಮೊಣಕಾಲು ನೋವಿರುವವರು ಲಿಫ್ಟ್ ಕೇಳಿ. ನಮ್ಮ ಮನೆಯವರಿಗೆ ಕೇಳದೆಯೇ ಲಿಫ್ಟ್ ತೋರಿಸಿದರು. ಗೈಡ್ ಇಂಗ್ಲಿಷಿನಲ್ಲೇ ಮಾತಾಡುವುದು, ಆದರೆ ಆಕೆ ನಿಧಾನವಾಗಿ, ಬಿಡಿಸಿ ಹೇಳುತ್ತಿದ್ದರು. ನಮಗೆ ತೊಂದರೆಯೇ ಆಗಲಿಲ್ಲ.

ಒಳಗೆ ಕಾಲಿಟ್ಟ ಕೂಡಲೇ ಎಲ್ಲರೂ ಮೇಲೆ ನೋಡುತ್ತಾರೆ. ಗುಮ್ಮಟ ಹಾಗಿದೆ. 272 ಅಡಿ ಎತ್ತರ, ರೋಮ್‌ನ ಸೇಂಟ್ ಪೀಟರ್ಸ್ ಚರ್ಚಿನ ಮಾದರಿ. ಅದರ ಕೆಳಗಿನ ದೊಡ್ಡ ಮೆಟ್ಟಿಲು ಪ್ಯಾರಿಸ್‌ನ ಒಪೆರಾ ಭವನದ ಮಾದರಿ. ನಾನು ಹೇಳುವುದು, ಸ್ವಲ್ಪ ಹೊತ್ತು ಕೆಳಗೂ ನೋಡಿ. ನೆಲಕ್ಕೆ ಹಾಸಿರುವುದು ಹೆನ್ರಿ ಮರ್ಸರ್ ಎಂಬುವರು ಡಾಯ್ಲ್ಸ್‌ಟೌನ್‌ನಲ್ಲಿ ಮಾಡಿಸಿದ ಮಣ್ಣಿನ ಟೈಲ್ಸ್. ನಡುನಡುವೆ ಸುಮಾರು 400 ಚಿತ್ರಗಳಿವೆ. ರಾಜರದ್ದಲ್ಲ, ದೇವತೆಗಳದ್ದಲ್ಲ. ಹಕ್ಕಿ, ಮೀನು, ಹುಳು, ರಾಟೆ, ಕಬ್ಬಿಣದ ಕೆಲಸ. ಆ ರಾಜ್ಯದ ಜನ ಏನೇನು ಕೆಲಸ ಮಾಡಿ ಬದುಕಿದರೋ ಅದೆಲ್ಲ ಕಾಲ ಕೆಳಗಿದೆ. ಟೈಲ್ಸ್ ಒಂದರಂತೆ ಇನ್ನೊಂದಿಲ್ಲ, ಕೆಂಪಿನಲ್ಲೇ ಹತ್ತು ಬಗೆ. ಅಂಚು ಸ್ವಲ್ಪ ಉಬ್ಬುತಗ್ಗು. ಚಪ್ಪಲಿಯಡಿ ಗೊತ್ತಾಗುತ್ತದೆ. ಶಾಸಕರು ದಿನವೂ ಇದರ ಮೇಲೇ ನಡೆದು ಹೋಗುವುದು.

ಕಟ್ಟಡದ ಹುಟ್ಟಿನಲ್ಲೇ ಒಂದು ಹಗರಣ ಇದೆ. 1897ರಲ್ಲಿ ಹಳೇ ಕ್ಯಾಪಿಟಲ್ ಬೆಂಕಿಗೆ ಹೋಯಿತು. ಈಗಿನದನ್ನು 1906ರ ಅಕ್ಟೋಬರ್ 4ರಂದು ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಬಂದು ಉದ್ಘಾಟಿಸಿದರು. ಅದೇ ಕಾಲಕ್ಕೆ ವಿಲಿಯಂ ಬೆರ್ರಿ ಎಂಬ ರಾಜ್ಯ ಖಜಾಂಚಿ ಲೆಕ್ಕ ಬಿಚ್ಚಿ ನೋಡಿದರು. ಕಟ್ಟಡಕ್ಕೆ ಮಂಜೂರಾಗಿದ್ದು 40 ಲಕ್ಷ ಡಾಲರ್. ಪೀಠೋಪಕರಣ, ದೀಪ ಎಲ್ಲ ಸೇರಿ ಖರ್ಚು 1 ಕೋಟಿ 30 ಲಕ್ಷ ಮುಟ್ಟಿತ್ತು. ಮೇಜು ಕುರ್ಚಿಗೆ ಅಡಿ ಲೆಕ್ಕದಲ್ಲಿ ಬಿಲ್ಲು, ತೂಗುದೀಪಕ್ಕೆ ಪೌಂಡ್ ಲೆಕ್ಕದಲ್ಲಿ ಬಿಲ್ಲು. 125 ಡಾಲರಿನ ಬೂಟ್ ಪಾಲಿಶ್ ಸ್ಟ್ಯಾಂಡಿಗೆ 1,619 ಡಾಲರ್ ಹಾಕಿದ್ದರು! ವಾಸ್ತುಶಿಲ್ಪಿ ಜೋಸೆಫ್ ಹ್ಯೂಸ್ಟನ್ ಸೇರಿ ಹಲವರು ತಪ್ಪಿತಸ್ಥರೆಂದು ತೀರ್ಪಾಯಿತು. ಬೆರ್ರಿಯವರ ಹೆಸರನ್ನು ನಮ್ಮ ಇಲಾಖೆಯ ಟ್ರೇನಿಂಗ್‌ನಲ್ಲಿ ಹೇಳಿಕೊಡಬೇಕು ಅಂತ ನನಗೆ ಅನಿಸುತ್ತದೆ. ತೂಗುದೀಪದ ಕೆಳಗೆ ನಿಂತು ಇದನ್ನು ನೆನೆಸಿಕೊಂಡರೆ ಅದರ ತೂಕ ಬೇರೆಯೇ ರೀತಿಯಲ್ಲಿ ತಿಳಿಯುತ್ತದೆ.

ಈಗ ಹೌಸ್‌ಗೆ, ಅಂದರೆ ಕೆಳಮನೆಗೆ ಬರೋಣ. 203 ಜನ ಕೂರುವ ಸಭಾಂಗಣ. ಸ್ಪೀಕರ್ ಪೀಠದ ಹಿಂದೆ ಎಡ್ವಿನ್ ಆಸ್ಟಿನ್ ಆಬಿ ಬರೆದ ದೊಡ್ಡ ಚಿತ್ರ. ಪೆನ್ಸಿಲ್ವೇನಿಯಾ ಸ್ಥಾಪಿಸಿದ ವಿಲಿಯಂ ಪೆನ್, ಬೆಂಜಮಿನ್ ಫ್ರಾಂಕ್ಲಿನ್ ಎಲ್ಲ ಸಾಲಾಗಿ ನಿಂತಿದ್ದಾರೆ. ಅವರ ಎದುರಿಗೇ 2005ರ ಜುಲೈ 7ರ ಬೆಳಗಿನ ಜಾವ ಎರಡು ಗಂಟೆಗೆ ಆ ಮತದಾನ ನಡೆದದ್ದು.

ಬಜೆಟ್ ಮುಗಿಸಿ ಬೇಸಿಗೆ ರಜೆಗೆ ಹೊರಡುವ ಹೊತ್ತು. ಸಾರ್ವಜನಿಕ ವಿಚಾರಣೆ ಇಲ್ಲ, ಚರ್ಚೆ ಇಲ್ಲ. ಜನರೆಲ್ಲ ಮಲಗಿದ್ದಾರೆ. ಮಸೂದೆ ಸಂಖ್ಯೆ 1521. ಮೊದಲು ಅದು ಕಾರ್ಯಾಂಗದ ಅಧಿಕಾರಿಗಳ ಸಂಬಳದ ಬಗ್ಗೆ ಇದ್ದ ಸಣ್ಣ ಮಸೂದೆ. ಎರಡೂ ಮನೆಗಳ ಜಂಟಿ ಸಮಿತಿಗೆ ಹೋಗಿ ಬರುವಷ್ಟರಲ್ಲಿ ಶಾಸಕರ, ನ್ಯಾಯಾಧೀಶರ, ಮೇಲಿನ ಅಧಿಕಾರಿಗಳ ಸಂಬಳ ಏರಿಸುವ ದೊಡ್ಡ ಮಸೂದೆಯಾಗಿತ್ತು. ಹೌಸ್‌ನಲ್ಲಿ 119 ಪರ, 79 ವಿರೋಧ. ಸೆನೆಟ್‌ನಲ್ಲಿ, ಅಂದರೆ ಮೇಲ್ಮನೆಯಲ್ಲಿ, 27 ಪರ, 23 ವಿರೋಧ. ಎರಡು ಪಕ್ಷದವರೂ ಎರಡು ಕಡೆ ಇದ್ದರು. ಇದಾಗಿ ಎರಡು ಗಂಟೆ ಕಳೆಯುವುದರೊಳಗೆ ಲಂಡನ್‌ನ ರೈಲುಗಳಲ್ಲಿ ಬಾಂಬ್ ಸಿಡಿಯಿತು. ಅವತ್ತು ಬೆಳಗ್ಗೆ ಎದ್ದವರೆಲ್ಲ ಟಿವಿಯಲ್ಲಿ ಲಂಡನ್ ನೋಡುತ್ತಿದ್ದರು.

ಸಾಮಾನ್ಯ ಶಾಸಕರ ವಾರ್ಷಿಕ ಸಂಬಳ 69,647 ಡಾಲರ್ ಇದ್ದದ್ದು 81,050 ಆಯಿತು. ಶೇಕಡಾ 16ರಷ್ಟು ಏರಿಕೆ. ನಾಯಕರಾಗಿದ್ದವರಿಗೆ ಶೇಕಡಾ 34ರವರೆಗೂ. ಅಮೆರಿಕದ ಸಂಸತ್ ಸದಸ್ಯರಿಗೆ ಸಿಗುವುದರಲ್ಲಿ ಸರಿಯಾಗಿ ಅರ್ಧ ಎಂದು ಲೆಕ್ಕ ಕಟ್ಟಿದ್ದರು. ನಾನೂ ಒಂದು ಲೆಕ್ಕ ಹಾಕಿದೆ. ಏರಿಕೆ ಅಷ್ಟನ್ನೇ ತೆಗೆದುಕೊಂಡರೆ 11,403 ಡಾಲರ್. ಆಗ ಆ ರಾಜ್ಯದಲ್ಲಿ ಕನಿಷ್ಠ ಕೂಲಿ ಗಂಟೆಗೆ 5 ಡಾಲರ್ 15 ಸೆಂಟ್. 1997ರಿಂದ ಅದು ಕದಲಿರಲಿಲ್ಲ. ವಾರಕ್ಕೆ 40 ಗಂಟೆಯಂತೆ ವರ್ಷದ 52 ವಾರವೂ ಒಂದು ದಿನ ರಜೆ ಹಾಕದೆ ದುಡಿದವನಿಗೆ ಸಿಗುತ್ತಿದ್ದದ್ದು 10,712 ಡಾಲರ್. ಶಾಸಕರು ಒಂದೇ ರಾತ್ರಿ ಏರಿಸಿಕೊಂಡದ್ದು ಆತನ ಇಡೀ ವರ್ಷದ ದುಡಿಮೆಗಿಂತ ಜಾಸ್ತಿ. ಪಕ್ಕದ ಮನೆಯವರು ಈ ಮಾತು ಹೇಳುವಾಗ ಇಷ್ಟು ವರ್ಷವಾದರೂ ಅವರ ದನಿ ಏರುತ್ತದೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಮೊತ್ತ ಅಲ್ಲ, ಹಣ ಡ್ರಾ ಮಾಡಿದ ರೀತಿ. ಪೆನ್ಸಿಲ್ವೇನಿಯಾ ಸಂವಿಧಾನದ ಎರಡನೇ ವಿಧಿಯ 8ನೇ ಸೆಕ್ಷನ್ ಸ್ಪಷ್ಟವಾಗಿದೆ. ಒಂದು ಅವಧಿಗೆ ಆಯ್ಕೆಯಾದ ಶಾಸಕ ಅದೇ ಅವಧಿಯಲ್ಲಿ ಮಾಡಿದ ಕಾನೂನಿನಿಂದ ಸಂಬಳ ಏರಿಸಿಕೊಳ್ಳುವ ಹಾಗಿಲ್ಲ. ಮೊದಲು ಚುನಾವಣೆ ಎದುರಿಸಬೇಕು, ಗೆದ್ದು ಬಂದರೆ ಹೊಸ ಸಂಬಳ. ಎಷ್ಟು ಒಳ್ಳೆಯ ನಿಯಮ ಅಲ್ವಾ? ನಮ್ಮ ಸಂವಿಧಾನದಲ್ಲಿ ಇಂಥದ್ದು ಇಲ್ಲ. ಅವರು ಇದನ್ನು ದಾಟಲು ಒಂದು ದಾರಿ ಮಾಡಿಕೊಂಡರು. ಚುನಾವಣೆ ಬರುವವರೆಗೆ ಏರಿಕೆಯಷ್ಟೇ ಮೊತ್ತವನ್ನು ಖರ್ಚಿನ ಹೆಸರಿನಲ್ಲಿ ಪಡೆಯಬಹುದು, ರಸೀದಿ ಕೊಡಬೇಕಾಗಿಲ್ಲ. ಖರ್ಚು ಎಂದು ಬರೆದಿದೆ, ಖರ್ಚು ಮಾಡಿದ್ದಕ್ಕೆ ವೋಚರ್ ಇಲ್ಲ, ಮೊತ್ತ ಮಾತ್ರ ಸಂಬಳದ ಏರಿಕೆಗೆ ಸರಿಯಾಗಿ ತಾಳೆ. ಹೊಸದಾಗಿ ಸೇರಿದ ಎಸ್‌ಡಿಎ ಹುಡುಗನ ಕೈಗೆ ಈ ಬಿಲ್ಲು ಕೊಟ್ಟರೂ ಅವನು ಆಕ್ಷೇಪಣೆ ಬರೆಯುತ್ತಾನೆ.

ಹಾಗಾದರೆ ಆಕ್ಷೇಪಣೆ ಬರೆಯಬೇಕಾದವರು ಯಾರು? ಟೂರ್‌ನಲ್ಲಿ ಮುಂದೆ ಸಿಗುವ ಕೋಣೆ ಅವರದ್ದೇ.

ಗವರ್ನರ್ ಅತಿಥಿಗಳನ್ನು ಬರಮಾಡಿಕೊಳ್ಳುವ ಕೋಣೆ ಕಟ್ಟಡದಲ್ಲಿ ನನಗೆ ತುಂಬಾ ಹಿಡಿಸಿದ ಜಾಗ. ನಾವು ಹೋದಾಗ ತೆರೆದಿತ್ತು. ಗೋಡೆಯ ಮೇಲ್ಭಾಗದಲ್ಲಿ ಸುತ್ತಲೂ ವಯೊಲೆಟ್ ಓಕ್ಲಿ ಬರೆದ ಚಿತ್ರಗಳು. ಅಷ್ಟು ದೊಡ್ಡ ಸರ್ಕಾರಿ ಕೆಲಸ ಆ ಕಾಲದಲ್ಲಿ ಒಬ್ಬ ಹೆಣ್ಣುಮಗಳಿಗೆ ಸಿಕ್ಕಿತ್ತು ಎನ್ನುವುದೇ ಸಂತೋಷದ ವಿಷಯ. ವಿಲಿಯಂ ಪೆನ್ ತನ್ನ ನಂಬಿಕೆಗಾಗಿ ಜೈಲಿಗೆ ಹೋದದ್ದು, ಹಡಗು ಹತ್ತಿ ಬಂದದ್ದು, ಎಲ್ಲ ಕಥೆ ಕಥೆಯಾಗಿ ಬರುತ್ತದೆ. ಬಣ್ಣ ಗಾಢ, ಮುಖಗಳು ಗಂಭೀರ. ನಮ್ಮ ಮನೆಯವರು ಅಲ್ಲಿಂದ ಕದಲಲೇ ಇಲ್ಲ.

ಇಲ್ಲಿ ನಮ್ಮ ಓದುಗರಿಗೆ ಒಂದು ಮಾತು ಹೇಳಬೇಕು. ಅಲ್ಲಿನ ಗವರ್ನರ್ ನಮ್ಮ ರಾಜ್ಯಪಾಲರ ಹಾಗಲ್ಲ. ದೆಹಲಿಯಿಂದ ನೇಮಕವಾಗಿ ಬಂದವರಲ್ಲ, ಜನರೇ ನೇರವಾಗಿ ಆರಿಸಿದವರು. ಸರ್ಕಾರ ನಡೆಸುವವರೂ ಅವರೇ. ಶಾಸಕಾಂಗ ಪಾಸು ಮಾಡಿದ ಮಸೂದೆ ಬೇಡ ಎಂದರೆ ತಿರಸ್ಕರಿಸುವ ಅಧಿಕಾರ ಅವರಿಗಿದೆ, ಅದಕ್ಕೆ ವೀಟೋ ಅನ್ನುತ್ತಾರೆ. ಅದನ್ನು ಮೀರಬೇಕಾದರೆ ಎರಡೂ ಮನೆಗಳಲ್ಲಿ ಮೂರನೇ ಎರಡರಷ್ಟು ಸದಸ್ಯರು ಬೇಕು.

2005ರಲ್ಲಿ ಗವರ್ನರ್ ಆಗಿದ್ದವರು ಎಡ್ ರೆಂಡೆಲ್. ಡೆಮಾಕ್ರಟಿಕ್ ಪಕ್ಷದವರು, ಹಿಂದೆ ಫಿಲಡೆಲ್ಫಿಯಾದ ಮೇಯರ್ ಆಗಿದ್ದವರು. ಎರಡೂ ಮನೆಗಳಲ್ಲಿ ಬಹುಮತ ಇದ್ದದ್ದು ರಿಪಬ್ಲಿಕನ್ನರಿಗೆ. ಈಗ ಲೆಕ್ಕ ನೋಡಿ. ಹೌಸ್‌ನಲ್ಲಿ ವೀಟೋ ಮೀರಲು 136 ಮತ ಬೇಕು, ಮಸೂದೆಗೆ ಬಿದ್ದದ್ದು 119. ಸೆನೆಟ್‌ನಲ್ಲಿ 34 ಬೇಕು, ಬಿದ್ದದ್ದು 27. ಅಂದರೆ ರೆಂಡೆಲ್ ಒಂದು ಸಲ ಬೇಡ ಎಂದಿದ್ದರೆ ಆ ಮಸೂದೆ ಮತ್ತೆ ಏಳುವುದು ಬಹಳ ಕಷ್ಟವಿತ್ತು. ಯೋಚಿಸಲು ಸಂವಿಧಾನ ಅವರಿಗೆ ದಿನಗಳ ಕಾಲಾವಕಾಶವನ್ನೂ ಕೊಟ್ಟಿತ್ತು. ಅವರು ಅದೇ ದಿನ ಸಹಿ ಹಾಕಿದರು. ಅದು 2005ರ 44ನೇ ಕಾಯ್ದೆ ಆಯಿತು.

ನ್ಯಾಯಾಧೀಶರಿಗೆ, ಅಧಿಕಾರಿಗಳಿಗೆ ಒಳ್ಳೆಯ ಸಂಬಳ ಕೊಟ್ಟರೆ ಒಳ್ಳೆಯವರು ಬರುತ್ತಾರೆ ಎನ್ನುವುದು ಆ ಕಾಯ್ದೆಯ ಪರ ಇದ್ದವರ ವಾದ. ಆ ರಾಜ್ಯದ್ದೇ ಆದ ಸುಪ್ರೀಂ ಕೋರ್ಟಿನ ಆಗಿನ ಮುಖ್ಯ ನ್ಯಾಯಮೂರ್ತಿ ರಾಲ್ಫ್ ಕ್ಯಾಪಿ ಕೂಡ ಬಹಿರಂಗವಾಗಿ ಅದನ್ನು ಸಮರ್ಥಿಸಿದ್ದರು. ವಾದದಲ್ಲಿ ಹುರುಳಿಲ್ಲ ಅಂತ ನಾನು ಹೇಳುವುದಿಲ್ಲ. ಶಾಸಕರಿಗೆ ಗೌರವದಿಂದ ಬದುಕುವಷ್ಟು ಸಂಬಳ ಇರಲೇಬೇಕು. ಇಲ್ಲದಿದ್ದರೆ ದುಡ್ಡಿದ್ದವರು ಮಾತ್ರ ಶಾಸಕರಾಗುತ್ತಾರೆ. ಆದರೆ ಒಳ್ಳೆಯ ವಾದ ಇದ್ದವರು ಅದನ್ನು ಹಗಲಿನಲ್ಲಿ, ಜನರ ಎದುರು ಹೇಳಬಹುದಿತ್ತು. ಖಜಾನೆಯ ಕೌಂಟರಿನಲ್ಲಿ ಕೂತವನ ಕೆಲಸ ಏನು? ಬಿಲ್ಲು ತಂದವರು ಎಷ್ಟೇ ದೊಡ್ಡವರಾದರೂ, ನಾಳೆ ಅವರಿಂದ ತನಗೆ ಎಷ್ಟೇ ಕೆಲಸ ಆಗಬೇಕಿದ್ದರೂ, ವೋಚರ್ ಎಲ್ಲಿ ಎಂದು ಕೇಳುವುದು. ಗವರ್ನರ್ ಆ ರಾಜ್ಯದ ಕೊನೆಯ ಕೌಂಟರ್. ಅಲ್ಲಿ ಬಿಲ್ಲು ಪಾಸಾಯಿತು. ಜನರ ಸಿಟ್ಟಿಗೆ ಕಾರಣ ಇದೇ, ಮತ್ತು ಆ ಸಿಟ್ಟು ನ್ಯಾಯವಾದದ್ದು.

ಸಿಟ್ಟು ಹೇಗಿತ್ತು ಎಂದು ತಿಳಿಯಬೇಕಾದರೆ ಹೊರಗಿನ ಮೆಟ್ಟಿಲ ಮೇಲೆ ನಿಲ್ಲಬೇಕು. ಜೀನ್ ಸ್ಟಿಲ್ಪ್ ಎಂಬ ಹೋರಾಟಗಾರರು ಗಾಳಿ ತುಂಬಿದ ದೊಡ್ಡ ಗುಲಾಬಿ ಹಂದಿಯೊಂದನ್ನು ಇಲ್ಲಿಗೆ ತಂದು ನಿಲ್ಲಿಸಿದ್ದರು. ಪಕ್ಕದ ಮನೆಯವರು ಅದನ್ನು ಕಣ್ಣಾರೆ ನೋಡಿದ್ದಾರೆ. ಕಾಲಿಗೆ ಹಗ್ಗ ಕಟ್ಟಿ ಹಿಡಿದಿದ್ದರಂತೆ, ಗಾಳಿ ಬೀಸಿದಾಗಲೆಲ್ಲ ಅದು ಬಾಗಿಲ ಕಡೆಗೇ ವಾಲುತ್ತಿತ್ತಂತೆ. ರಸ್ ಡೈಮಂಡ್ ಎಂಬುವರು ಹಾಲಿ ಶಾಸಕರನ್ನೆಲ್ಲ ಮನೆಗೆ ಕಳಿಸಬೇಕು ಎಂದು ಒಂದು ಚಳವಳಿಯನ್ನೇ ಕಟ್ಟಿದರು. ಬಲಪಂಥೀಯರು, ಎಡಪಂಥೀಯರು, ಯಾವ ಪಂಥವೂ ಇಲ್ಲದವರು ಎಲ್ಲರೂ ಸೇರಿದರು. ನಮ್ಮ ನೆರೆಯವರು ರಿಪಬ್ಲಿಕನ್, ಅವರ ಹೆಂಡತಿ ಡೆಮಾಕ್ರಟ್. ಇಬ್ಬರೂ ಒಂದೇ ಕಾರಿನಲ್ಲಿ ಬಂದಿದ್ದರಂತೆ.

ಆ ವರ್ಷ ಶಾಸಕರ ಚುನಾವಣೆ ಇರಲಿಲ್ಲ. ಜನ ಸಿಟ್ಟನ್ನು ಎಲ್ಲಿ ತೋರಿಸಬೇಕು? ಇದಕ್ಕೆ ಉತ್ತರ ಸಿಗುವುದು ಸುಪ್ರೀಂ ಕೋರ್ಟಿನ ಕೋಣೆಯಲ್ಲಿ. ಕ್ಯಾಪಿಟಲ್‌ನ ಒಳಗೇ ರಾಜ್ಯದ ಸುಪ್ರೀಂ ಕೋರ್ಟ್ ಕೂಡ ಇದೆ. ಮೇಲೆ ಹಸಿರು ಗಾಜಿನ ಗುಮ್ಮಟ, ಗೋಡೆಯಲ್ಲಿ ಮತ್ತೆ ಓಕ್ಲಿಯವರ ಚಿತ್ರಗಳು. ಅಲ್ಲಿನ ನ್ಯಾಯಮೂರ್ತಿಗಳು ಹತ್ತು ವರ್ಷಕ್ಕೊಮ್ಮೆ ಜನರ ಮುಂದೆ ಬರಬೇಕು. ಇವರು ಮುಂದುವರಿಯಲೋ ಬೇಡವೋ ಎಂದಷ್ಟೇ ಕೇಳುತ್ತಾರೆ, ಎದುರಾಳಿ ಇರುವುದಿಲ್ಲ. ಅದುವರೆಗೆ ಸುಪ್ರೀಂ ಕೋರ್ಟಿನ ಯಾರೂ ಸೋತಿರಲಿಲ್ಲ. 2005ರ ನವೆಂಬರಿನಲ್ಲಿ ನ್ಯಾಯಮೂರ್ತಿ ರಸೆಲ್ ನಿಗ್ರೊ ಸೋತರು. ಜೊತೆಗಿದ್ದ ಸಾಂಡ್ರಾ ಶುಲ್ಟ್ಸ್ ನ್ಯೂಮನ್ ಸಣ್ಣ ಅಂತರದಲ್ಲಿ ಉಳಿದುಕೊಂಡರು. ಸಂಬಳ ಏರಿಸಿದ್ದು ನಿಗ್ರೊ ಅಲ್ಲ, ಸಹಿ ಹಾಕಿದ್ದೂ ಅವರಲ್ಲ. ಅವರ ಮಟ್ಟಿಗೆ ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಆ ದಿನ ಮತಪತ್ರದಲ್ಲಿ ಇದ್ದ ಹೆಸರು ಅವರದ್ದು, ಅಷ್ಟೇ.

ಅದರ ಮರುವಾರವೇ ಶಾಸಕಾಂಗ ಕಾಯ್ದೆಯನ್ನು ರದ್ದು ಮಾಡಿತು. ಸೆನೆಟ್‌ನಲ್ಲಿ ಎಲ್ಲರೂ ರದ್ದಿನ ಪರ. ಹೌಸ್‌ನಲ್ಲಿ ವಿರೋಧಿಸಿದವರು ಒಬ್ಬರೇ, ಮೈಕ್ ವಿಯಾನ್. ನವೆಂಬರ್ 16ರಂದು ಅದೇ ರೆಂಡೆಲ್ ರದ್ದತಿಗೂ ಸಹಿ ಹಾಕಿದರು. ಜುಲೈನಲ್ಲಿ ಏರಿಸಲು, ನವೆಂಬರಿನಲ್ಲಿ ಇಳಿಸಲು, ಎರಡಕ್ಕೂ ಒಂದೇ ಸಹಿ. ನಡುವಿನ ನಾಲ್ಕು ತಿಂಗಳ ಗಲಾಟೆ ಪೂರ್ತಿ ತಪ್ಪಿಸಬಹುದಾಗಿತ್ತು ಎಂಬ ಸಂಕಟ ನನಗೆ ಹೋಗುವುದಿಲ್ಲ.

ಜನ ಅಷ್ಟಕ್ಕೇ ಸಮಾಧಾನ ಆಗಲಿಲ್ಲ. 2006ರ ಮೇ ತಿಂಗಳಲ್ಲಿ ಪಕ್ಷದೊಳಗಿನ ಚುನಾವಣೆ ಬಂತು, ಅಂದರೆ ಪಕ್ಷದ ಅಭ್ಯರ್ಥಿ ಯಾರು ಎಂದು ಆ ಪಕ್ಷದ ಮತದಾರರೇ ಆರಿಸುವುದು. 17 ಹಾಲಿ ಶಾಸಕರು ಸೋತರು. ಸೆನೆಟ್‌ನ ಅತಿ ದೊಡ್ಡ ನಾಯಕ ರಾಬರ್ಟ್ ಜುಬೆಲಿರರ್, ಬಹುಮತದ ನಾಯಕ ಡೇವಿಡ್ ಬ್ರೈಟ್‌ಬಿಲ್ ಇಬ್ಬರೂ ಹೋದರು. ಜುಬೆಲಿರರ್ ಮೂವತ್ತು ವರ್ಷ ದಾಟಿ ಆ ಮನೆಯಲ್ಲಿದ್ದವರು. ಮತ್ತಷ್ಟು ಜನ ಸ್ಪರ್ಧೆಗೇ ನಿಲ್ಲದೆ ಮನೆಗೆ ಹೋದರು. ವಿಯಾನ್ ನವೆಂಬರಿನಲ್ಲಿ ಸೋತರು. ಆದರೆ ರೆಂಡೆಲ್? ಅದೇ ನವೆಂಬರಿನಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಲಿನ್ ಸ್ವಾನ್ ಎದುರು ದೊಡ್ಡ ಅಂತರದಲ್ಲಿ ಗೆದ್ದು ಮತ್ತೆ ಗವರ್ನರ್ ಆದರು. ಅದೇ ವರ್ಷ ಅವರು ಕನಿಷ್ಠ ಕೂಲಿ ಏರಿಸುವ ಕಾನೂನಿಗೂ ಸಹಿ ಹಾಕಿದ್ದರು ಎನ್ನುವುದನ್ನೂ ಹೇಳಬೇಕು. ಒಬ್ಬ ಆಡಳಿತಗಾರನನ್ನು ಜನ ಒಂದೇ ಸಹಿಯಿಂದ ಅಳೆಯುವುದಿಲ್ಲ. ಸರಿಯೇ. ಆದರೂ ನನ್ನ ಲೆಕ್ಕದಲ್ಲಿ ಆ ಒಂದು ಸಹಿಗೆ ಬಾಕಿ ಉಳಿದೇ ಇದೆ.

ವೋಚರ್ ವಿಷಯ ಕೊನೆಗೂ ಇತ್ಯರ್ಥವಾದದ್ದು ಕೋರ್ಟಿನಲ್ಲಿ. ಹಂದಿ ತಂದಿದ್ದ ಸ್ಟಿಲ್ಪ್ ಅವರೇ ದಾವೆ ಹೂಡಿದ್ದರು. ಇಂಥದೇ ಏರ್ಪಾಡನ್ನು 1986ರಲ್ಲಿ ಇದೇ ಕೋರ್ಟು ಒಪ್ಪಿಕೊಂಡಿತ್ತು. 2006ರ ಸೆಪ್ಟೆಂಬರಿನಲ್ಲಿ ಆ ಹಳೇ ನಿಲುವನ್ನು ಕೈಬಿಟ್ಟಿತು. ವೋಚರ್ ಇಲ್ಲದ ಖರ್ಚಿನ ಹೆಸರಿನಲ್ಲಿ ಅವಧಿಯ ನಡುವೆ ಹಣ ಪಡೆಯುವುದು ಸಂವಿಧಾನಕ್ಕೆ ವಿರುದ್ಧ ಎಂದಿತು. ಅದನ್ನು ಓದುವಾಗ ಲೈಬ್ರರಿಯಲ್ಲಿ ನನಗೆ ಕಣ್ಣು ತುಂಬಿ ಬಂತು. ಆದರೆ ಅದೇ ತೀರ್ಪಿನಲ್ಲಿ ನ್ಯಾಯಾಧೀಶರ ಸಂಬಳದ ಏರಿಕೆಯನ್ನು ಮತ್ತೆ ಜಾರಿಗೆ ತಂದರು. ನ್ಯಾಯಾಧೀಶರ ಸಂಬಳವನ್ನು ಅವಧಿಯ ನಡುವೆ ಇಳಿಸಬಾರದು ಎಂಬ ಇನ್ನೊಂದು ನಿಯಮ ಅದಕ್ಕೆ ಆಧಾರ. ಕಾನೂನಿನ ಪ್ರಕಾರ ಸರಿ ಇರಬಹುದು. ತಮ್ಮ ಸಂಬಳದ ಪ್ರಶ್ನೆಯನ್ನು ತಾವೇ ತೀರ್ಮಾನಿಸಿದರು ಎನ್ನುವುದು ಮಾತ್ರ ಜನರಿಗೆ ಹಿಡಿಸಲಿಲ್ಲ. ನನಗೂ ಹಿಡಿಸಲಿಲ್ಲ.

ಗೈಡ್ ಬಗ್ಗೆ ಒಂದು ಒಳ್ಳೆಯ ಮಾತು ಬರೆಯಲೇಬೇಕು. ಟೂರ್ ಇರುವುದು ಚಿತ್ರಕಲೆ, ಕಟ್ಟಡ, ಸರ್ಕಾರ ನಡೆಯುವ ಬಗೆ ಇವುಗಳ ಮೇಲೆ. ಸೆನೆಟ್ ನೋಡಿ ಹೊರಗೆ ಬರುವಾಗ ನಾನು 2005ರ ಸಂಬಳದ ವಿಷಯ ಕೇಳಿದೆ. ಮಗಳು, "ಅಪ್ಪಾ, ಇದನ್ನೆಲ್ಲ ಅವರ ಹತ್ತಿರ ಕೇಳಬೇಕಾ?" ಎಂದು ಕೈ ಹಿಡಿದಳು. ಆದರೆ ಗೈಡ್ ಮುಜುಗರಪಡಲಿಲ್ಲ. ನಿಂತು, ರಾತ್ರಿ ಎರಡು ಗಂಟೆಯಿಂದ ಹಿಡಿದು ಕೋರ್ಟಿನ ತೀರ್ಪಿನವರೆಗೆ ಹೇಳಿದರು. ನಮ್ಮ ಗುಂಪಿನಲ್ಲಿದ್ದ ಬೇರೆಯವರೂ ಹತ್ತಿರ ಬಂದು ಕೇಳಿಸಿಕೊಂಡರು. ಸರ್ಕಾರಿ ಕಟ್ಟಡದಲ್ಲಿ, ಸರ್ಕಾರಕ್ಕೇ ಕಸಿವಿಸಿಯಾಗುವ ಕಥೆಯನ್ನು ಹೀಗೆ ಬಿಚ್ಚಿ ಹೇಳುವುದು ಸಣ್ಣ ವಿಷಯವಲ್ಲ. ಐದನೇ ಅಂಕ ಕೊಟ್ಟದ್ದು ಅದಕ್ಕೇ.

ಮಕ್ಕಳು ಜೊತೆಗಿದ್ದರೆ ಈಸ್ಟ್ ವಿಂಗ್‌ನಲ್ಲಿರುವ ವೆಲ್‌ಕಮ್ ಸೆಂಟರ್ ಬಿಡಬೇಡಿ. ಮಸೂದೆಯೊಂದು ಕಾನೂನು ಆಗುವುದು ಹೇಗೆ ಎಂದು ತೋರಿಸುವ ದೊಡ್ಡ ಯಂತ್ರವೊಂದಿದೆ, ಹಂತ ಹಂತವಾಗಿ ಓಡುತ್ತದೆ. ಮೊಮ್ಮಗಳು ಅಲ್ಲಿಂದ ಬರಲು ಒಪ್ಪಲಿಲ್ಲ. ಸಮಿತಿ, ಚರ್ಚೆ, ಮತ, ಇನ್ನೊಂದು ಮನೆ, ಗವರ್ನರ್ ಸಹಿ. ಅವಳಿಗೆ ಒಂದೊಂದೇ ಬಿಡಿಸಿ ಹೇಳುವಾಗ 2005ರಲ್ಲಿ ಇವುಗಳಲ್ಲಿ ಯಾವುದನ್ನೆಲ್ಲ ಹಾರಿಸಿ ಹೋದರು ಎಂದೂ ಹೇಳಿದೆ. ಎಂಟು ವರ್ಷದವಳಿಗೆ ಪೂರ್ತಿ ಅರ್ಥವಾಯಿತು. ಮಧ್ಯಾಹ್ನಕ್ಕೆ ಅಲ್ಲೇ ಕೆಫೆಟೇರಿಯಾ ಇದೆ, ನಾವು ಚಿತ್ರಾನ್ನ ಕಟ್ಟಿಕೊಂಡು ಹೋಗಿದ್ದರಿಂದ ಹೊರಗೆ ಬಂದು ತಿಂದೆವು.

ನಮ್ಮ ಕಡೆಯ ಮಾತು ಬರದೆ ಇರುತ್ತದೆಯೇ? 2025ರ ಮಾರ್ಚ್ 21ರಂದು ನಮ್ಮ ವಿಧಾನಸಭೆಯಲ್ಲಿ ಗದ್ದಲ ನಡೆಯುತ್ತಿರುವಾಗಲೇ ಸಂಬಳದ ಮಸೂದೆಗಳು ಚರ್ಚೆ ಇಲ್ಲದೆ ಪಾಸಾದವು. ಶಾಸಕರ ಸಂಬಳ ತಿಂಗಳಿಗೆ 40,000 ಇದ್ದದ್ದು 80,000, ಮುಖ್ಯಮಂತ್ರಿಯದ್ದು 75,000 ಇದ್ದದ್ದು ಒಂದೂವರೆ ಲಕ್ಷ. ಅದೇ ದಿನ 18 ಶಾಸಕರ ಅಮಾನತು ಆಯಿತು. ಮರುದಿನ ಎಲ್ಲರ ಬಾಯಲ್ಲೂ ಅಮಾನತಿನ ಸುದ್ದಿಯೇ. 2022ರ ಫೆಬ್ರವರಿಯಲ್ಲಿ ಬೇರೆ ಪಕ್ಷದ ಸರ್ಕಾರ ಇದ್ದಾಗಲೂ ಸಂಬಳದ ಮಸೂದೆ ಪಾಸಾದದ್ದು ಗದ್ದಲದ ನಡುವೆಯೇ. ಅಲ್ಲಿ ನಡುರಾತ್ರಿ, ಇಲ್ಲಿ ಗದ್ದಲ. ಚರ್ಚೆ ಎರಡೂ ಕಡೆ ಇಲ್ಲ. ನಾವು ಸ್ವಲ್ಪ ಬೈದು ಮರೆತೆವು. ಅಲ್ಲಿನವರು ಮುಂದಿನ ವರ್ಷದ ಚುನಾವಣೆವರೆಗೂ ನೆನಪಿಟ್ಟುಕೊಂಡರು. ಅವರನ್ನು ನೋಡಿ ನಾವು ಕಲಿಯುವುದಿದ್ದರೆ ಇದನ್ನೇ ಕಲಿಯಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ಹಾಗಂತ ಅಲ್ಲಿ ಎಲ್ಲ ಸರಿಹೋಯಿತು ಅಂತಲ್ಲ. 1995ರ ಇನ್ನೊಂದು ಕಾನೂನು ಇದೆ. ಅದರ ಪ್ರಕಾರ ಬೆಲೆ ಏರಿಕೆಗೆ ತಕ್ಕಂತೆ ಶಾಸಕರ ಸಂಬಳ ವರ್ಷ ವರ್ಷ ತಾನಾಗಿಯೇ ಏರುತ್ತದೆ. ಯಾರೂ ಮತ ಹಾಕಬೇಕಾಗಿಲ್ಲ. ಹಾಗೆ ಏರುತ್ತಾ ಏರುತ್ತಾ ಈಗ ಅದು ವರ್ಷಕ್ಕೆ ಒಂದು ಲಕ್ಷ ಡಾಲರ್ ದಾಟಿದೆ. 2005ರಲ್ಲಿ ಜನ ಬೇಡ ಎಂದ 81,050ನ್ನು ಅದು ಯಾವತ್ತೋ ಹಿಂದೆ ಹಾಕಿದೆ. ನಮ್ಮ ನೆರೆಯವರಿಗೆ ಇದರ ಬಗ್ಗೆಯೂ ಸಿಟ್ಟಿದೆ. ನನಗೆ ಅಷ್ಟಿಲ್ಲ. ನಮ್ಮ ತುಟ್ಟಿಭತ್ಯೆಯೂ ಹೀಗೇ ಏರುವುದು. ಲೆಕ್ಕ ಎಲ್ಲರಿಗೂ ಕಾಣುವ ಹಾಗಿದ್ದರೆ, ಸೂತ್ರ ಮೊದಲೇ ಗೊತ್ತಿದ್ದರೆ, ನಾನು ಆಕ್ಷೇಪಣೆ ಬರೆಯುವುದಿಲ್ಲ.

ಹೋಗುವುದಾದರೆ ಶಾಸಕಾಂಗ ಸೇರುವ ದಿನಗಳನ್ನು ಮೊದಲೇ ನೋಡಿಕೊಳ್ಳಿ. ಕಲಾಪ ಇರುವಾಗ ಗ್ಯಾಲರಿಯಲ್ಲಿ ಕೂರಲು ಯಾರಿಗೂ ಅಡ್ಡಿಯಿಲ್ಲ, ಬೇರೆ ದೇಶದವರಿಗೂ ಇಲ್ಲ. ಅವರ ಹಣಕಾಸು ವರ್ಷ ಜುಲೈ 1ಕ್ಕೆ ಶುರುವಾಗುವುದರಿಂದ ಜೂನ್ ಕೊನೆಯ ವಾರ ಬಜೆಟ್ಟಿನ ಬಿಸಿ ಜೋರಾಗಿರುತ್ತದೆ. ನಮ್ಮಲ್ಲಿ ಹೆಚ್ಚಿನವರು ಬೇಸಿಗೆಯಲ್ಲೇ ಅಮೆರಿಕಕ್ಕೆ ಬರುವುದು. ಆ ವಾರ ಹೋಗಿ, ಟೂರ್ ಮುಗಿಸಿ, ಮೇಲೆ ಗ್ಯಾಲರಿಯಲ್ಲಿ ಒಂದು ಗಂಟೆ ಕೂರಿ. ಸ್ವೆಟರ್ ಇಟ್ಟುಕೊಳ್ಳಿ, ಒಳಗೆ ಎ.ಸಿ. ಜೋರಾಗಿರುತ್ತದೆ.